ಮಾತಿಗೆ ಮುಂಚಿನ ಒಂದು ಗಂಟೆ

ಚಿತ್ರ ಬರೆಯುವುದನ್ನು ಕಲಿಯಲು ಕಾಲೇಜು ಬೇಕೇ ಎಂದು ನಾನು ಮೊದಲಿನಿಂದಲೂ ಕೇಳುತ್ತಲೇ ಬಂದವಳು. ನನ್ನ ಮಗಳು ಯರೇಲಿ ಮೂರು ವರ್ಷದಿಂದ ಅದನ್ನೇ ಓದುತ್ತಿದ್ದಳು. ಹಾಲಿನ ಡಬ್ಬಿಯ ಮೇಲಿನ ಅಕ್ಷರ ಹೇಗಿರಬೇಕು, ಮಕ್ಕಳ ಪುಸ್ತಕದ ನರಿಗೆ ಎಂಥ ಬಾಲ ಇಡಬೇಕು, ಎಲ್ಲದಕ್ಕೂ ಒಂದೊಂದು ಪಾಠ. ಅಡುಗೆಮನೆಯ ಮೇಜಿನ ತುಂಬ ಬಣ್ಣ, ಸಿಂಕಿನ ತುಂಬ ಕುಂಚ. ನಾನು ಹೋಟೆಲಿನ ಲಾಂಡ್ರಿಯಲ್ಲಿ ಇಡೀ ದಿನ ಬಿಳಿ ಚಾದರ ಮಡಚಿ ಮನೆಗೆ ಬಂದರೆ ಅವಳು ಬಿಳಿ ಹಾಳೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

"ಏನೇ ಅದು, ಹಾಳೇನ ಹಾಗೆ ದುರುಗುಟ್ಟಿ ನೋಡ್ತಿದೀಯ? ಅದೇನು ನಿನಗೆ ಬೈದಿದ್ಯಾ?"

"ಯೋಚನೆ ಮಾಡ್ತಿದೀನಿ ಅಮ್ಮ."

"ಮಾಡು ಮಾಡು. ಆ ಕುಂಚ ತೊಳೆಯೋದು ಹೇಗೆ ಅಂತಾನೂ ಹಾಗೇ ಒಂದಿಷ್ಟು ಯೋಚನೆ ಮಾಡು."

ಬಾಯಲ್ಲಿ ಹೀಗೆ ಅಂದರೂ ಲಾಂಡ್ರಿಯಲ್ಲಿ ಯಾರು ಕೇಳಿದರೂ ಕೇಳದಿದ್ದರೂ ಅವಳ ಚಿತ್ರಗಳನ್ನು ಫೋನಿನಲ್ಲಿ ತೋರಿಸುತ್ತಿದ್ದೆ. ಇವಳ ಅಪ್ಪ ಫ್ರೆಸ್ನೋದಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಅವನ ಸುದ್ದಿ ಇಲ್ಲಿ ಬೇಡ. ಅಮೆರಿಕದ ಒರೆಗಾನಿನ ಈ ಊರಲ್ಲಿ ನನಗೆ ಅವಳು, ಅವಳಿಗೆ ನಾನು.

ಅವರ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳನ್ನು ಪ್ರತಿ ವಸಂತದಲ್ಲೂ ಒಂದು ಪರದೇಶಕ್ಕೆ ಕರೆದೊಯ್ಯುತ್ತಾರೆ. ಹಿಂದಿನ ವರ್ಷ ಪೋರ್ಚುಗಲ್ಲಿಗೆ ಹೋಗಿದ್ದರು. ಈ ಸಲ ಮೆಕ್ಸಿಕೋ, ಅದರಲ್ಲೂ ವಹಾಕಾ ಎಂದು ಯರೇಲಿ ಹೇಳಿದಾಗ ನಾನು ಒಲೆಯ ಮೇಲೆ ಹಾಕಿದ್ದ ತೊರ್ತಿಯಾ ರೊಟ್ಟಿ ಹಾಗೆಯೇ ಸೀದುಹೋಯಿತು. ವಹಾಕಾ ನನ್ನ ಸೀಮೆ. ಅದನ್ನು ನೋಡಲು ಈ ಮಕ್ಕಳು ವಿಮಾನ ಹತ್ತುತ್ತಾರೆ. ಅದನ್ನು ಬಿಟ್ಟು ಬರಲು ನಾವು ನಡೆದಿದ್ದೆವು.

ಮೂರು ವರ್ಷದ ಕೂಸು ಯರೇಲಿಯನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದವಳು ನಾನು. ನನಗೆ ಇಲ್ಲಿರಲು ಕಾಗದವಿಲ್ಲ. ಒಮ್ಮೆ ಆಚೆ ಹೋದೆನೋ, ಮತ್ತೆ ಬರುವ ಹಾಗಿಲ್ಲ. ಹಾಗೆ ಕೂಸಾಗಿ ಬಂದವರಿಗೆ ಮಾತ್ರ ಸರ್ಕಾರ ಒಂದು ಅರೆಬರೆ ಅನುಮತಿ ಕೊಟ್ಟಿತ್ತು. ಓದಬಹುದು, ದುಡಿಯಬಹುದು, ಆದರೆ ದೇಶ ಬಿಟ್ಟರೆ ಅವರಿಗೂ ಬಾಗಿಲು ಮುಚ್ಚಿದ ಹಾಗೆಯೇ. ಓದಿನ ಪ್ರವಾಸಕ್ಕೆಂದು ಮುಂಚೆಯೇ ಒಪ್ಪಿಗೆ ಸಿಕ್ಕರೆ ಹೋಗಿ ಬರಬಹುದು. ತಿಂಗಳುಗಟ್ಟಲೆ ಕಾದ ಮೇಲೆ ಆ ಒಪ್ಪಿಗೆ ಬಂತು. ಅಂದು ನಾನು ಅತ್ತ ಅಳು ನೋಡಿ ಪಕ್ಕದ ಮನೆಯವರು ಯಾರೋ ಸತ್ತರೆಂದು ಬಾಗಿಲು ತಟ್ಟಿದರು.

ನನ್ನ ಅಮ್ಮ ಎರ್ಮಿಲಾ ಇದ್ದದ್ದು ಸಾನ್ ಬೆನಿತೊ ಎಂಬ ನಮ್ಮ ಹಳ್ಳಿಯಲ್ಲಿ. ವಾರಕ್ಕೊಮ್ಮೆ ಫೋನಿನಲ್ಲಿ ನೋಡುತ್ತಿದ್ದೆ. ನೋಡುತ್ತಿದ್ದೆ ಅನ್ನುವುದೂ ಸುಳ್ಳೇ. ಫೋನು ಹಿಡಿಯುತ್ತಿದ್ದವಳು ಪಕ್ಕದ ಮನೆಯ ನನ್ನ ಚಿಕ್ಕಪ್ಪನ ಮಗಳು ಚಾಬೆಲಾ, ಅವಳ ಕೈ ಒಂದು ಕಡೆ ನಿಲ್ಲುವುದಿಲ್ಲ. ಹದಿನೆಂಟು ವರ್ಷದಲ್ಲಿ ನಾನು ಅಮ್ಮನ ಹಣೆಯನ್ನು ನೋಡಿದೆ, ತಲೆಯ ಮೇಲಿನ ತಗಡಿನ ಸೂರನ್ನು ನೋಡಿದೆ. ಅಮ್ಮನ ಕಣ್ಣಿಗೂ ಪೊರೆ ಬಂದಿತ್ತು. ನಾನು ಹೇಗೆ ಕಾಣುತ್ತಿದ್ದೆನೋ ಅವಳಿಗೆ. ನೋಡುವುದು ಹಾಗಿರಲಿ, ನನಗೆ ಬೇಕಾಗಿದ್ದದ್ದು ಒಂದೇ. ನಮ್ಮವರಲ್ಲಿ ಒಬ್ಬರು ಅವಳನ್ನು ಮುಟ್ಟಬೇಕು. ಅವಳು ಬದುಕಿರುವಾಗ ನನ್ನ ರಕ್ತದ ಒಂದು ಕೈ ಅವಳ ಮೈಮೇಲೆ ಬೀಳಬೇಕು.

"ಹೋದ ತಕ್ಷಣ ತಬ್ಕೋಬೇಕು, ತಿಳೀತಾ? ನಿನ್ನದೊಂದು, ನನ್ನದೊಂದು," ಎಂದು ಯರೇಲಿಗೆ ದಿನಕ್ಕೆ ಹತ್ತು ಸಲ ಹೇಳಿದೆ.

"ನಂಗೆ ಅವಳ ನೆನಪೇ ಇಲ್ವಲ್ಲಮ್ಮ. ಸುಮ್ನೆ ಹೋಗಿ ಹೇಗೆ ತಬ್ಕೊಳ್ಳೋದು?"

"ಅವಳಿಗಿದೆ ನೆನಪು. ನೀನು ಕೈ ಚಾಚಿದ್ರೆ ಸಾಕು, ಮಿಕ್ಕಿದ್ದು ಅವಳು ನೋಡ್ಕೋತಾಳೆ."

ಅವರ ಟೀಚರ್ ಹೆಸರು ಲಿಂಡ್‌ಕ್ವಿಸ್ಟ್. ನನ್ನ ನಾಲಿಗೆಗೆ ಅದು ಹೊರಳುವುದಿಲ್ಲ, ನಾನು ಲಿಂಡಾ ಅನ್ನುತ್ತೇನೆ. ಆಕೆ ಪ್ರವಾಸದ ಪಟ್ಟಿಯಲ್ಲಿ ಸಾನ್ ಬೆನಿತೊವನ್ನು ಸೇರಿಸಿದ್ದು ಯರೇಲಿಗೋಸ್ಕರವೇ. ಗುಂಪು ಬಿಟ್ಟು ಅವಳೊಬ್ಬಳೇ ಅಲೆದರೆ ಒಪ್ಪಿಗೆಗೆ ಕುತ್ತು ಬಂದೀತೆಂದು ಇಡೀ ತರಗತಿಯನ್ನೇ ಆ ಹಳ್ಳಿಗೆ ಕರೆದೊಯ್ಯುವುದಾಗಿ ಹೇಳಿದಳು. ಆ ಒಂದು ಉಪಕಾರವನ್ನು ನಾನು ಮರೆಯಲಾರೆ. ಆದರೆ ಆಕೆಯದೊಂದು ನಿಯಮವಿತ್ತು. ಹೊರಡುವ ಹಿಂದಿನ ವಾರ ಯರೇಲಿ ಊಟಕ್ಕೆ ಕೂತಾಗ ವಿವರಿಸಿದ್ದಳು.

"ಹೊಸ ಊರಿಗೆ ಹೋದ್ರೆ ಮೊದಲ ಒಂದು ಗಂಟೆ ಯಾರ್ ಜೊತೇನೂ ಮಾತಾಡ್ಬಾರ್ದು. ಫೋಟೋನೂ ತೆಗೀಬಾರ್ದು. ಎಲ್ಲಾದ್ರೂ ಕೂತು ಕಂಡಿದ್ದನ್ನ ಬರೀಬೇಕು."

"ಯಾಕೆ, ಬಾಯಿಗೇನಾಗಿದೆ?"

"ಮಾತಾಡಿದ್ರೆ ಪರಿಚಯ ಆಗತ್ತೆ. ಪರಿಚಯ ಆದ್ರೆ ಕಣ್ಣು ನೋಡೋದನ್ನ ಬಿಟ್ಬಿಡತ್ತೆ. ಆಮೇಲೆ ನಾವು ಬರೆಯೋದು ನಮಗೆ ಗೊತ್ತಿರೋದನ್ನ, ಕಂಡಿದ್ದನ್ನಲ್ಲ."

"ಬಲು ಚೆನ್ನಾಗಿದೆ. ನಮ್ಮೂರಲ್ಲಿ ಮಾತಾಡದೆ ಒಂದು ಗಂಟೆ ಯಾರದ್ದಾದ್ರೂ ಮನೆ ಮುಂದೆ ಕೂತು ನೋಡಿ, ನಾಯಿ ಛೂ ಬಿಡ್ತಾರೆ."

ಅವಳು ನಕ್ಕಳು. ನಾನೂ ನಕ್ಕೆ.

ಸಾನ್ ಬೆನಿತೊಗೆ ಅವರು ಹೋಗಬೇಕಿದ್ದದ್ದು ಗುರುವಾರ. ಅಂದು ಬೆಳಿಗ್ಗೆಯಿಂದ ಫೋನನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೇ ಚಾದರ ಮಡಚಿದೆ. ಅಮ್ಮ ಮುಂಜಾನೆಯೇ ಸ್ನಾನ ಮಾಡಿ, ತಲೆ ಬಾಚಿಸಿಕೊಂಡು, ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆಂದು ಚಾಬೆಲಾ ಆಗಲೇ ಹೇಳಿದ್ದಳು. "ಒಳಗೆ ಬಾ ದೊಡ್ಡಮ್ಮ, ಬಿಸಿಲು ಅಂದ್ರೆ, ಮೊಮ್ಮಗಳು ಬಂದ್ಮೇಲೆ ಬರ್ತೀನಿ ಅಂತಾಳೆ. ಬಿಸಿ ಚಾಕೊಲೇಟ್ ಕಾಸಿ ಕೊಟ್ರೆ ಅದೂ ಬೇಡ್ವಂತೆ, ಅವಳ ಜೊತೇಲೇ ಕುಡೀತಾಳಂತೆ." ಅದನ್ನು ಕೇಳಿ ನಾನು ಎಷ್ಟು ಹಿಗ್ಗಿದ್ದೆನೆಂದರೆ ಮೇಲ್ವಿಚಾರಕನಿಗೂ ನಗುತ್ತಾ ಗುಡ್ ಮಾರ್ನಿಂಗ್ ಹೇಳಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಚಾಬೆಲಾಳ ಫೋನು ಬಂತು.

"ಎಲ್ವೀರಾ, ಸ್ವಲ್ಪ ಕೂತ್ಕೋ."

"ಕೂತ್ಕೊಳ್ಳೋಕೆ ಇಲ್ಲಿ ಕುರ್ಚಿ ಇಟ್ಟಿಲ್ಲ. ಏನು ಹೇಳು."

"ದೊಡ್ಡಮ್ಮ ಹೋಗ್ಬಿಟ್ಲು. ಕೂತಲ್ಲೇ. ಬೆಂಚಿನ ಮೇಲೇ."

ಹಿಂದೆ ಇಸ್ತ್ರಿಯ ಯಂತ್ರ ಗುಡುಗುತ್ತಿತ್ತು. ನನಗೆ ಎಲ್ಲ ಸರಿಯಾಗಿಯೇ ಕೇಳಿಸಿತ್ತು. ಆದರೂ ಮತ್ತೆ ಹೇಳಿಸಿದೆ. ಆಮೇಲೆ ಕೇಳಿದೆ, "ಯರೇಲಿ ಬಂದಿದ್ಲಾ? ಇರೋವಾಗ ಬಂದ್ಲಾ, ಹೋದ್ಮೇಲೆ ಬಂದ್ಲಾ?"

ಚಾಬೆಲಾ ಅಳತೊಡಗಿದಳು. ಫೋನು ಯರೇಲಿಯ ಕೈಗೆ ಹೋಯಿತು. "ನಾನು ಹತ್ರ ಹೋಗೋಷ್ಟರಲ್ಲಿ ಹೋಗ್ಬಿಟ್ಟಿದ್ಲಮ್ಮ," ಅಂದಳು. ಅಷ್ಟೇ ಅಂದಳು. ಆ ದನಿ ಕೇಳಿ ನನ್ನ ದುಃಖ ಬದಿಗಿಟ್ಟು ಅವಳನ್ನೇ ಸಮಾಧಾನ ಮಾಡಿದೆ. "ನಿಂದೇನು ತಪ್ಪು ಕಂದಾ. ಆ ವ್ಯಾನು ಹೊರಟಿದ್ದೇ ತಡ ಇರ್ಬೇಕು. ದೇವರು ಹಾಗೆ ಬರೆದಿದ್ದ, ಬಿಡು."

ಅಮ್ಮನ ಅಂತ್ಯಕ್ರಿಯೆಯನ್ನು ನಾನು ನೋಡಿದ್ದು ಚಾಬೆಲಾಳ ಫೋನಿನಲ್ಲಿ. ಅಂದರೆ ಸೂರನ್ನು ನೋಡಿದೆ, ಮೇಣದಬತ್ತಿಯ ತುದಿಯನ್ನು ನೋಡಿದೆ, ಯಾರದೋ ಚಪ್ಪಲಿಯನ್ನು ನೋಡಿದೆ. "ಮುಖ ತೋರ್ಸೇ, ಮುಖ!" ಎಂದು ನಾನು ಇಲ್ಲಿಂದ ಕಿರುಚಿದರೆ ಅಲ್ಲಿ ಪ್ರಾರ್ಥನೆಗೆ ಕೂತವರು ಬೆಚ್ಚಿ ತಿರುಗಿದರಂತೆ. ಲಿಂಡಾ ಮುಂದಿನ ಊರಿನ ಕಾರ್ಯಕ್ರಮ ರದ್ದು ಮಾಡಿ ಮಕ್ಕಳನ್ನು ಅಲ್ಲೇ ಉಳಿಸಿಕೊಂಡಳು. ಆ ಮಕ್ಕಳು ನಮ್ಮ ಅಂಗಳದಲ್ಲಿ ಸಾಲಾಗಿ ಕೂತು ಬುಟ್ಟಿಗಟ್ಟಲೆ ಬೆಳ್ಳುಳ್ಳಿ ಸುಲಿದರು, ಬಂದವರಿಗೆ ತಮಾಲೆ ಕಡುಬು ಬಡಿಸಿದರು. ಕೆಂಪು ಕೂದಲಿನ ಒಬ್ಬ ಹುಡುಗ ಶವಪೆಟ್ಟಿಗೆಗೆ ಹೆಗಲು ಕೊಟ್ಟನಂತೆ. ಅವನು ಮಿಕ್ಕವರಿಗಿಂತ ಒಂದು ಮೊಳ ಎತ್ತರ. ಪೆಟ್ಟಿಗೆ ಅವನ ಕಡೆ ಏರಿ ದಾರಿಯುದ್ದಕ್ಕೂ ವಾಲಿಕೊಂಡೇ ಹೋಯಿತು, ಅಳುತ್ತಿದ್ದ ಹೆಂಗಸರೂ ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕರು ಎಂದು ಚಾಬೆಲಾ ಹೇಳಿದಳು. ನನ್ನ ಅಮ್ಮನೂ ನಗುತ್ತಿದ್ದಳು, ಇದ್ದಿದ್ದರೆ.

ನಮ್ಮಲ್ಲಿ ಸತ್ತವರ ಮನೆಯ ನೆಲದ ಮೇಲೆ ಬಣ್ಣದ ಮರಳಿನಲ್ಲಿ ಶಿಲುಬೆ ಬರೆದು ಒಂಬತ್ತು ದಿನ ಪ್ರಾರ್ಥನೆ ಮಾಡಿ, ಕೊನೆಗೆ ಆ ಮರಳನ್ನು ಬಳಿದೆತ್ತಿ ಗೋರಿಗೆ ಹಾಕುತ್ತೇವೆ. ಚಿತ್ರ ಓದಿದವಳೆಂದು ಮರಳಿನ ಬಟ್ಟಲುಗಳನ್ನು ಯರೇಲಿಯ ಕೈಗೇ ಕೊಟ್ಟರು. ಅವಳು ಬರೆದಳು. ಆದರೆ ಒಂಬತ್ತನೆಯ ದಿನಕ್ಕೆ ಅವಳಿರಲಿಲ್ಲ. ಒಪ್ಪಿಗೆಯ ಅವಧಿ ಮುಗಿಯುವುದರೊಳಗೆ ಗಡಿ ದಾಟಿ ಬರಲೇಬೇಕಿತ್ತು. ತಾನು ಬರೆದದ್ದನ್ನು ಎತ್ತಲು ಊರವರಿಗೆ ಬಿಟ್ಟು ಬಂದಳು.

ಬಂದವಳು ನನ್ನ ಮಗಳ ಹಾಗಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ತಬ್ಬಿಕೊಂಡರೆ ಮರದ ತುಂಡಿನ ಹಾಗೆ ನಿಂತಳು. ಅಡುಗೆಮನೆಯ ಮೇಜು ಖಾಲಿ ಬಿತ್ತು. ಸಿಂಕಿನಲ್ಲಿ ಒಂದು ಕುಂಚವೂ ಇಲ್ಲ. ಮೂರು ವರ್ಷ ಅದಕ್ಕಾಗಿ ಗೊಣಗಿದವಳು ನಾನು, ಈಗ ಆ ಚೊಕ್ಕ ಸಿಂಕನ್ನು ನೋಡಲಾರದೆ ನನ್ನ ಲೋಟವನ್ನೇ ತೊಳೆಯದೆ ಅದರಲ್ಲಿ ಬಿಡುತ್ತಿದ್ದೆ. ಕಾಲೇಜಿನ ಕೊನೆಯ ಪ್ರದರ್ಶನಕ್ಕೆ ಎಲ್ಲರೂ ಪ್ರವಾಸದ ಚಿತ್ರಗಳನ್ನು ಇಡಬೇಕು. ಲಿಂಡಾ ಎರಡು ಸಲ ಫೋನು ಮಾಡಿದಳು, ಇವಳು ಎತ್ತಲಿಲ್ಲ. ಮೊಮ್ಮಗಳಲ್ಲವೇ, ದುಃಖ ಕರಗಲಿ ಎಂದು ನಾನು ಸುಮ್ಮನಿದ್ದೆ.

ಬಾಯಿ ಬಿಟ್ಟವಳು ಚಾಬೆಲಾ. ಒಂದು ಭಾನುವಾರ ಅದೂ ಇದೂ ಮಾತಾಡುತ್ತಾ, "ನಂದೇ ತಪ್ಪು ಎಲ್ವೀರಾ," ಅಂದಳು. "ಅಡುಗೆಮನೆ ಕಿಟಕೀಲಿ ಕಾಣ್ತಿತ್ತು, ಎದುರಿನ ಮರದ ಕೆಳಗೆ ಒಂದು ಹುಡುಗಿ ಹಲಗೆ ಹಿಡ್ಕೊಂಡು ಬರೀತಾ ಕೂತಿತ್ತು. ಆ ಮೇಡಂ ಮಕ್ಕಳಲ್ಲಿ ಯಾರೋ ಅಂದ್ಕೊಂಡೆ. ಯರೇಲಿ ಅಂತ ಗೊತ್ತಾಗಿದ್ರೆ ಕೂಗಿ ಕರೀತಿರ್ಲಿಲ್ವಾ? ಗೊಜ್ಜು ಕುದ್ದು ಇಳಿಸೋವರೆಗೂ ಅಲ್ಲೇ ಇದ್ಲು."

ನಮ್ಮ ಗೊಜ್ಜು ಬೇಗ ಕುದಿಯುವಂಥದ್ದಲ್ಲ.

ಫೋನಿಟ್ಟು ಯರೇಲಿಯ ಕೋಣೆಗೆ ಹೋದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಏಳು. ಎದ್ದು ಕೂತು ನನ್ನ ಮುಖ ನೋಡಿ ಹೇಳು. ನೀನು ಹೋದಾಗ ಅವಳು ಬದುಕಿದ್ಲಾ?"

ಎದ್ದು ಕೂತಳು. ಆಮೇಲೆ ತಲೆಯಾಡಿಸಿದಳು, ಹೌದು ಎಂದು.

ಚರ್ಚಿನ ಹತ್ತಿರ ವ್ಯಾನು ನಿಂತಾಗ ಲಿಂಡಾ ಇವಳಿಗೆ ಹೇಳಿದ್ದಳಂತೆ, ನಿನಗೆ ನಿಯಮ ಇಲ್ಲ, ನೇರ ನಿನ್ನ ಅಜ್ಜಿಯ ಹತ್ತಿರ ಹೋಗು ಎಂದು. ಇವಳು ಹೋದಳು. ಓಣಿಯ ತಿರುವಿನಲ್ಲಿ ನಿಂತು ನೋಡಿದರೆ ಮುದುಕಿ ಬೆಂಚಿನ ಮೇಲೆ ಕೂತಿದ್ದಾಳೆ. ಕಾಲು ಮುಂದೆ ಹೋಗಲಿಲ್ಲ.

"ಹೆದರಿಕೆ ಆಯ್ತಮ್ಮ. ಹೋಗಿ ತಬ್ಕೊಂಡ್ಬಿಟ್ರೆ ಅವಳು ಅಜ್ಜಿ ಆಗ್ಬಿಡ್ತಾಳೆ, ಎಲ್ಲರೂ ಅಳ್ತಾರೆ, ನಾನೂ ಅಳ್ತೀನಿ, ಆಮೇಲೆ ಅವಳು ಹೇಗಿದಾಳೆ ಅಂತ ನಂಗೆ ಕಾಣೋದೇ ಇಲ್ಲ ಅನ್ನಿಸ್ತು. ನಿಂಗೋಸ್ಕರ ಸರಿಯಾಗಿ ನೋಡ್ಬೇಕಿತ್ತು. ನೀನು ಫೋನಲ್ಲಿ ನೋಡಿರೋದು ಬರೀ ಹಣೆ ಅಲ್ವಾ. ಪೂರ್ತಿ ಅವಳನ್ನ ಬರ್ಕೊಂಡು ಬಂದು ನಿಂಗೆ ಕೊಡ್ಬೇಕು ಅಂದ್ಕೊಂಡೆ. ಒಂದೇ ಗಂಟೆ. ಆಮೇಲೆ ಇಡೀ ದಿನ ಅವಳ ಜೊತೇಲೇ ಇರ್ತೀನಲ್ಲ ಅಂತ..."

"ಅಂತ?"

"ಅಲ್ಲಾಡ್ತಾನೇ ಇರ್ಲಿಲ್ಲಮ್ಮ ಅವಳು. ಎಷ್ಟು ಚೆನ್ನಾಗಿ ಕೂತಿದಾಳೆ, ಎಂಥಾ ಒಳ್ಳೇ ಮಾಡೆಲ್ಲು ಅಂತ ನಾನು ಖುಷಿಯಾಗಿ ಬರೀತಾ ಇದ್ದೆ."

ಆಗ ನನಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಅವಳ ಮೇಲೆ, ಲಿಂಡಾಳ ಮೇಲೆ, ಆ ಗಡಿಯ ಮೇಲೆ, ಅಡುಗೆಮನೆಯಿಂದ ಹೊರಗೆ ಬಾರದ ಚಾಬೆಲಾಳ ಮೇಲೆ. ಎದುರಿಗಿದ್ದವಳು ಇವಳೊಬ್ಬಳೇ.

"ಹದಿನೆಂಟು ವರ್ಷ ಕಾದವಳನ್ನ ಇನ್ನೊಂದು ಗಂಟೆ ಕಾಯಿಸಿದ್ಯಲ್ಲೇ," ಅಂದೆ. "ನಿನ್ನ ಕೈಗೆ ಪೆನ್ಸಿಲ್ ಯಾಕಾದ್ರೂ ಸಿಕ್ತೋ."

ಅವಳು ಬಗ್ಗಿದಳು. ಮಂಚದ ಕೆಳಗಿಂದ ಒಂದು ರಟ್ಟಿನ ಚೀಲ ಎಳೆದು ಎರಡು ಹಾಳೆ ತೆಗೆದಳು. "ಹರಿದುಹಾಕು," ಅಂದಳು. "ನಾನು ಎಷ್ಟೋ ಸಲ ನೋಡಿದೆ, ನನ್ನ ಕೈಲಿ ಆಗ್ತಿಲ್ಲ."

ಹರಿಯುವುದಕ್ಕೆಂದೇ ತೆಗೆದುಕೊಂಡೆ. ಮೇಲಿನ ಹಾಳೆಯಲ್ಲಿ ನನ್ನ ಅಮ್ಮ ಕೂತಿದ್ದಳು.

ಹಣೆಯಲ್ಲ, ಸೂರಲ್ಲ, ಇಡೀ ಅಮ್ಮ. ಎಷ್ಟು ಸಣ್ಣಗಾಗಿಬಿಟ್ಟಿದ್ದಳು! ಪಾದಗಳು ನೆಲಕ್ಕೆ ಸರಿಯಾಗಿ ಊರಿರಲಿಲ್ಲ. ಎಡಗೈ ಮೊಣಕಾಲಿನ ಮೇಲಿತ್ತು, ಅಂಗೈ ಮೇಲಾಗಿ. ಜಡೆಗೆ ರಿಬ್ಬನ್ನು ಕಟ್ಟಿಸಿಕೊಂಡಿದ್ದಳು, ಮದುವೆಗೆ ಹೊರಟವಳ ಹಾಗೆ. ನನ್ನ ಮಗಳು ಒಂದು ನರೆಗೂದಲನ್ನೂ ಬಿಡದೆ ಬರೆದಿದ್ದಳು. ಹರಿಯುವುದಿರಲಿ, ಹಾಳೆ ಅಲುಗದ ಹಾಗೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಮಂಚದ ಮೇಲೆ ಕೂತೆ.

ಅಮ್ಮ ಬೆಂಚಿನ ಒಂದು ತುದಿಗೆ ಒತ್ತಿ ಕೂತಿದ್ದಳು. ಮಿಕ್ಕ ಅರ್ಧ ಬೆಂಚು ಖಾಲಿ.

"ಹೀಗ್ಯಾಕೆ ಮೂಲೇಲಿ ಕೂತಿದಾಳೆ? ಇದು ನೀನು ಮಾಡಿದ್ದಾ?"

"ಇಲ್ಲ, ಅವಳು ಕೂತಿದ್ದೇ ಹಾಗೆ. ಖಾಲಿ ಜಾಗ ಇದ್ರೆ ಚಿತ್ರಕ್ಕೆ ಚೆನ್ನಾಗಿರತ್ತೆ ಅಂತ ನಾನೂ ಹಾಗೇ ಬಿಟ್ಟೆ."

ಎರಡನೆಯ ಹಾಳೆ ನೋಡಿದೆ. ಅದರಲ್ಲಿ ನಾಲ್ಕೇ ಗೆರೆ. ಅಲ್ಲಿ ಅಮ್ಮ ಬೆಂಚಿನ ನಟ್ಟನಡುವೆ ಕೂತಿದ್ದಳು, ಹಣೆಗೆ ಕೈ ಅಡ್ಡ ಹಿಡಿದು, ಮುಖ ನೇರ ನಮ್ಮ ಕಡೆಗೆ.

"ಇದು?"

"ಅದು ಮೊದಲು ಶುರು ಮಾಡಿದ್ದು. ಕೈ ಅಡ್ಡ ಇಟ್ಕೊಂಡು ನನ್ನ ಕಡೆ ನೋಡಿದ್ಲು. ಆಮೇಲೆ ಆ ಕಡೆ ಜರುಗಿಬಿಟ್ಲು. ಹಾಳೆ ಹಾಳಾಯ್ತಲ್ಲ ಅಂತ ಬೇರೆ ತಗೊಂಡೆ. ಶಾಲಿನ ತುದೀಲಿ ಬೆಂಚಿನ ಈ ಕಡೆನೆಲ್ಲ ಒರೆಸಿದ್ಲು. ಅಷ್ಟೇ, ಆಮೇಲೆ ಅಲ್ಲಾಡ್ಲೇ..."

ಮಾತು ಅಲ್ಲಿಗೇ ನಿಂತಿತು. ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ನಾನು ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ನನ್ನ ಕೈಯಿಂದ ಎರಡೂ ಹಾಳೆಗಳನ್ನು ತೆಗೆದುಕೊಂಡು ತೊಡೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದಳು.

"ನಾನು ಅಂತ ಗೊತ್ತಾಗಿತ್ತಾ ಅವಳಿಗೆ?"

"ಗೊತ್ತಾಗದೆ ಏನು. ಮುಖ ಕಂಡಿರಲಿಕ್ಕಿಲ್ಲ. ಬರ್ತಾಳೆ ಅಂತ ಗೊತ್ತಿತ್ತು, ಬಂದವಳು ನೀನು."

"ಮತ್ಯಾಕೆ ಕರೀಲಿಲ್ಲ?" ಯರೇಲಿಯ ದನಿ ಚಿಕ್ಕ ಮಗುವಿನದಾಗಿತ್ತು. "ಒಂದ್ಸಲ ಕರೆದಿದ್ರೆ ಓಡಿ ಹೋಗ್ತಿದ್ನಲ್ಲ. ಕೈ ಬೀಸಿದ್ರೂ ಸಾಕಿತ್ತಲ್ಲಮ್ಮ. ಯಾಕೆ ಕರೀಲಿಲ್ಲ?"

ಸುಳ್ಳು ಹೇಳಬಹುದಿತ್ತು. ನನಗೆ ಸುಳ್ಳು ಹೊಳೆಯಲಿಲ್ಲ.

"ಅವಳು ಯಾರನ್ನೂ ಹಾಗೆ ಕರೀತಿರ್ಲಿಲ್ಲ. ಅವಳು ನೇಯ್ಗೆಯವಳು. ಮಗ್ಗದ ಮುಂದೆ ಕೂತವರನ್ನ ನಡುವೆ ಕರೆದ್ರೆ ಎಳೆ ತಪ್ಪತ್ತೆ, ಅಷ್ಟೂ ಬಿಚ್ಚಿ ಮತ್ತೆ ನೇಯ್ಬೇಕು. ನಾನು ಸಣ್ಣವಳಿದ್ದಾಗ ಹೊಟ್ಟೆ ಹಸಿದು ಸಾಯ್ತಿದ್ರೂ ಅವಳ ಪಕ್ಕ ಬಾಯಿ ಮುಚ್ಕೊಂಡು ನಿಲ್ತಿದ್ದೆ. ಆಮೇಲೆ ನಾನು ನೇಯೋಕೆ ಕೂತಾಗ, ಊಟ ಆರಿಹೋದ್ರೂ ಅವಳು ನನ್ನನ್ನ ಕರೀತಿರ್ಲಿಲ್ಲ. ಪಕ್ಕದಲ್ಲಿ ತಟ್ಟೆ ಇಟ್ಕೊಂಡು ಕೂತಿರ್ತಿದ್ಲು." ಅವಳ ತೊಡೆಯ ಮೇಲಿನ ಹಾಳೆಯಲ್ಲಿ ಖಾಲಿ ಬೆಂಚನ್ನು ತೋರಿಸಿದೆ. "ನೀನು ತಲೆ ಬಗ್ಗಿಸಿದ್ದೆ, ಕೈ ಆಡ್ತಿತ್ತು. ಮೊಮ್ಮಗಳು ಕೆಲಸದಲ್ಲಿದಾಳೆ ಅಂದ್ಕೊಂಡ್ಲು. ಜಾಗ ಮಾಡಿಟ್ಟು, ನೀನು ಮುಗಿಸ್ಲಿ ಅಂತ ಕಾದ್ಲು."

ಯರೇಲಿ ಖಾಲಿ ಬೆಂಚಿನ ಕೆಳಗೆ ಹರಡಿದ್ದ ಕಪ್ಪು ನೆರಳನ್ನೇ ನೋಡುತ್ತಿದ್ದಳು. ಅದನ್ನು ಎಷ್ಟು ನಾಜೂಕಾಗಿ ಬರೆದಿದ್ದಳೆಂದರೆ ಹಲಗೆಯ ಸಂದಿನಿಂದ ಬಿದ್ದ ಬಿಸಿಲಿನ ಗೆರೆಗಳೂ ಕಾಣುತ್ತಿದ್ದವು.

"ಮುಗಿದಿತ್ತಮ್ಮ," ಅಂದಳು. "ಹಾಳೇಲಿ ಅಜ್ಜಿ ಯಾವಾಗ್ಲೋ ಮುಗಿದಿದ್ಲು. ಆಮೇಲೆ ನಾನು ಸುಮ್ನೆ ಈ ನೆರಳು ತಿದ್ದುತ್ತಾ ಕೂತಿದ್ದೆ."